ಬಾವಿಕಟ್ಟೆಯ ಸಿಗ್ನಲ್

ಇದು ನಮ್ಮ ಪಕ್ಕದ ಮನೆಯ ಕಾವೇರಿಗೆ ಆದದ್ದು. ಒಂದು ರಾತ್ರಿ ಕರೆಂಟು ಹೋಗಿತ್ತು. ನಮ್ಮ ಅಡುಗೆಮನೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ಇಬ್ಬರೂ ಕೂತಿದ್ದೆವು. ಆಗ ಅವಳೇ ಹೇಳಿದಳು, ಒಂದೇ ಒಂದು ಸಲ. ಆಮೇಲೆ ನಾನು ಎಷ್ಟೋ ಸಲ ಕೇಳಿದ್ದೀನಿ. ಕೇಳಿದರೆ ಎದ್ದು ಹೋಗ್ತಾಳೆ.

ಇದೆಲ್ಲ ಆದಾಗ ಅವಳು ಇದ್ದದ್ದು ಬೆಂಗಳೂರಿನ ಕಗ್ಗದಾಸಪುರದಲ್ಲಿ. ರೈಲ್ವೆ ಗೇಟು ದಾಟಿ ಒಂದು ಸಂದಿಗೆ ತಿರುಗಿದರೆ ಕೊನೆಗೆ ಪಿಳ್ಳಪ್ಪ ಅನ್ನೋರ ಕಟ್ಟಡ. ಅದರ ಎರಡನೇ ಮಹಡಿಯಲ್ಲಿ ಒಂದು ರೂಮು, ಒಂದು ಚಿಕ್ಕ ಅಡುಗೆಮನೆ. ಕಾವೇರಿ ಮತ್ತು ಅವಳ ತಾಯಿ ಅಮೃತಮ್ಮ, ಇಬ್ಬರೇ. ಶಹಾಪುರದ ಕಡೆಯವರು. ಅಮೃತಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ. ಬೆಳಕು ಬಂದರೆ ಬೆಳಕು ಅಂತ ಗೊತ್ತಾಗುತ್ತೆ, ಅಷ್ಟೇ.

ಕಟ್ಟಡದ ಪಕ್ಕದಲ್ಲಿ, ಮೆಟ್ಟಿಲಿಗೆ ಹೋಗೋ ದಾರಿಯಲ್ಲೇ, ಒಂದು ಹಳೇ ಬಾವಿ. ಅಲ್ಲೆಲ್ಲ ಹೊಲ ಇದ್ದ ಕಾಲದ್ದು. ಈಗ ನೀರಿಲ್ಲ. ಕಲ್ಲಿನ ಕಟ್ಟೆ, ಮೇಲೆ ದಪ್ಪ ಕಬ್ಬಿಣದ ಜಾಲರಿ. ಬಾಡಿಗೆಯವರು ಅದರ ಮೇಲೆ ಒಗೆದ ಬಟ್ಟೆ ಹರವುತ್ತಿದ್ದರು.

ಒಂದು ದಿನ ಕಾವೇರಿಗೆ ಎರಡನೇ ಪಾಳಿ, ಮುಗಿಯೋ ಹೊತ್ತಿಗೆ ರಾತ್ರಿ. ಆಫೀಸಿನ ಕ್ಯಾಬು ಗೇಟಿನ ಹತ್ತಿರ ಇಳಿಸಿ ಹೋಯಿತು. ಗೂಡ್ಸ್ ರೈಲೊಂದು ಧಡಕ್... ಧಡಕ್... ಅಂತ ಮುಗಿಯದ ಹಾಗೆ ಹೋಗ್ತಾ ಇತ್ತು. ಅದು ಹೋಗಿ, ಗೇಟು ಎದ್ದು, ಇವಳು ಸಂದಿಗೆ ತಿರುಗೋ ಹೊತ್ತಿಗೆ ಅಂಗಡಿಗಳೆಲ್ಲ ಷಟರ್ ಎಳೆದಿದ್ದವು. ಬೀದಿಯಲ್ಲಿ ಇವಳ ಚಪ್ಪಲಿ ಸದ್ದು ಬಿಟ್ಟರೆ ಬೇರೆ ಇಲ್ಲ.

ಬಾವಿ ಹತ್ತಿರ ಬಂದಾಗ ಮೇಲಿಂದ ತಾಯಿ ನಗೋದು ಕೇಳಿಸಿತು.

ಕಾವೇರಿ ನಿಂತಳು. ಅಮೃತಮ್ಮ ನಕ್ಕು ಎಷ್ಟು ದಿನವಾಗಿತ್ತೋ. ನಗು ನಿಂತಿತು... ಇನ್ನೊಂದು ಹೆಣ್ಣು ದನಿ ಏನೋ ಹೇಳಿತು... ಮತ್ತೆ ತಾಯಿ ನಕ್ಕಳು. ಯಾರೋ ಪಕ್ಕದ ರೂಮಿನವರು ಬಂದು ಕೂತಿರಬೇಕು ಅಂದುಕೊಂಡು ಕಾವೇರಿ ಮೆಟ್ಟಿಲು ಹತ್ತಿದಳು. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ತಾಯಿ ತಡಕಾಡುತ್ತಾ ಬಂದು ತೆಗೆದಳು. ಒಳಗೆ ಯಾರೂ ಇರಲಿಲ್ಲ.

"ಯಾರ ಜೋಡಿ ಮಾತಾಡ್ಲತ್ತಿದ್ದಿ ಅವ್ವಾ?"

"ತಂಗಿ ಜೋಡಿ."

ತಂಗಿ ಅಂದರೆ ಮಾತಾಡೋ ಡಬ್ಬಿ. ನೀವೂ ನೋಡಿರ್ತೀರಿ, ತೆಂಗಿನಕಾಯಿ ಗಾತ್ರದ್ದು, ಮೇಲೆ ದೀಪದ ಬಳೆ ಇರುತ್ತೆ. 'ಮೈನಾ' ಅಂತ ಕೂಗಿದರೆ 'ಟುಣ್' ಅಂತ ಸದ್ದು ಮಾಡಿ, ದೀಪ ನೀಲಿಯಾಗಿ, ಕೇಳಿದ್ದಕ್ಕೆ ಉತ್ತರ ಕೊಡುತ್ತೆ. ಟೈಮು ಹೇಳುತ್ತೆ, ಹಾಡು ಹಾಕುತ್ತೆ, ಫೋನ್ ಹಚ್ಚಿಕೊಡುತ್ತೆ. ಆದರೆ ಅದಕ್ಕೆ ಸ್ವಂತ ಬುದ್ಧಿ ಅಂತ ಏನೂ ಇಲ್ಲ. ಪ್ರತಿ ಮಾತೂ ಇಂಟರ್ನೆಟ್ಟಿನಿಂದ ಬರಬೇಕು. ನೆಟ್ ಹೋದರೆ ದೀಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. 'ಕ್ಷಮಿಸಿ, ಸಂಪರ್ಕ ಸಿಗುತ್ತಿಲ್ಲ' ಅಂತ ಒಂದೇ ವಾಕ್ಯ.

ಆ ರಾತ್ರಿ ದೀಪ ಕಿತ್ತಳೆ ಇತ್ತು.

"ನೆಟ್ ಇಲ್ಲ ಅವ್ವಾ. ಅದು ಮಾತಾಡಂಗಿಲ್ಲ."

"ಮಾತಾಡ್ತಲ್ಲ. ನೀ ಈಗ ಕೇಳಲಿಲ್ಲೇನು?" ಅಂದಳು ಅಮೃತಮ್ಮ, ಸಮಾಧಾನವಾಗಿ.

ಕಾವೇರಿ ಇದನ್ನ ಹಗುರವಾಗಿ ತಗೊಳ್ಳಲಿಲ್ಲ. ಯಾಕೆ ಅಂದರೆ ಆ ಡಬ್ಬಿ ತಂದಿದ್ದು ಷೋಕಿಗಲ್ಲ. ಅಮೃತಮ್ಮ ಸಂಜೆ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಪೆನ್ನಿನ ಥರದ ಸೂಜಿ, ಟಕ್ ಟಕ್ ಅಂತ ತಿರುಗಿಸಿ ಎಣಿಸಿಕೊಂಡು ಅವಳೇ ಹಾಕಿಕೊಳ್ಳುತ್ತಾಳೆ. ಆದರೆ ಕತ್ತಲಲ್ಲೇ ಬದುಕೋರಿಗೆ ಸಂಜೆ ಯಾವುದು, ರಾತ್ರಿ ಯಾವುದು? ಡಬ್ಬಿ ನೆನಪು ಮಾಡಬೇಕು. ಅದಕ್ಕೂ ಮುಂಚೆ ಒಂದು ಸಂಜೆ ನೆಟ್ ಹೋಗಿ ಅದು ನೆನಪು ಮಾಡಿರಲಿಲ್ಲ. ಹಾಕಿಕೊಂಡೆನೋ ಇಲ್ಲವೋ ಗೊತ್ತಾಗದೆ ಅಮೃತಮ್ಮ ಎರಡು ಸಲ ಹಾಕಿಕೊಂಡುಬಿಟ್ಟಿದ್ದಳು. ಕಾವೇರಿ ಬಂದಾಗ ಮೈಯೆಲ್ಲ ಬೆವರು, ಮಾತು ತೊದಲು. ಬಾಯಿಗೆ ಸಕ್ಕರೆ ನೀರು ಹಾಕಿ, ಆಟೋದಲ್ಲಿ ಆಸ್ಪತ್ರೆಗೆ ಓಡಿದ್ದಳು.

ತಮಾಷೆ ಏನು ಅಂದರೆ, ಕಾವೇರಿ ಕೆಲಸವೇ ಅದು. ಇಂದಿರಾನಗರದಲ್ಲಿ ಇಂಟರ್ನೆಟ್ ಕಂಪನಿಯೊಂದರ ಸಹಾಯವಾಣಿಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಊರಿನವರಿಗೆಲ್ಲ ವೈಫೈ ಸರಿಮಾಡಿ ಕೊಡೋದು. "ರೂಟರ್ ಆಫ್ ಮಾಡಿ ಸರ್. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ಈಗ ದೀಪ ಯಾವ ಬಣ್ಣ ಇದೆ ಮೇಡಂ?" ದಿನವೆಲ್ಲ ಇದೇ ಮಾತು. ಅವಳ ಮನೆಯಲ್ಲೇ ಸಂಜೆಯಾದರೆ ಡಬ್ಬಿಗೆ ನೆಟ್ ಇಲ್ಲ.

ಜನರಿಗೆ ಹೇಳೋದನ್ನೆಲ್ಲ ತಾನೇ ಮಾಡಿದಳು. ರೂಟರು ಫ್ರಿಜ್ಜಿನ ಮೇಲಿತ್ತು. ಫ್ರಿಜ್ಜು ಸಿಗ್ನಲ್ ತಿನ್ನುತ್ತೆ ಅಂತ ತೆಗೆದು ಕಿಟಕಿ ಮೇಲಿನ ಶೆಲ್ಫಿಗೆ ಇಟ್ಟಳು. ಡಬ್ಬಿಯನ್ನ ಗೋಡೆಯಿಂದ ಈಚೆಗೆ ತಂದಳು. ಆ ಕಟ್ಟಡದಲ್ಲಿ ಪ್ರತಿ ರೂಮಿನಲ್ಲೂ ಒಂದೊಂದು ವೈಫೈ, ಎಲ್ಲವೂ ಒಂದರ ಮೇಲೊಂದು ಬಿದ್ದು ಒದ್ದಾಡುತ್ತವೆ ಅಂತ ಚಾನೆಲ್ ಬದಲಿಸಿದಳು. ರೂಟರಿಗೆ ಎರಡು ದಾರಿ ಇರುತ್ತೆ, ಒಂದು ವೇಗದ್ದು, ಇನ್ನೊಂದು ನಿಧಾನವಾದರೂ ದೂರ ಹೋಗೋದು. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಡಬ್ಬಿಯನ್ನ ನಿಧಾನದ್ದಕ್ಕೆ ಕಟ್ಟಿಹಾಕಿದಳು. ಡಬ್ಬಿಯನ್ನ ಪೂರಾ ಅಳಿಸಿ ಹೊಸದಾಗಿ ಸೇರಿಸಿದಳು.

ಹಗಲೆಲ್ಲ ಸರಿ ಇರುತ್ತಿತ್ತು. ದೀಪ ಹಚ್ಚೋ ಹೊತ್ತಿಗೆ ಕಿತ್ತಳೆ.

ವಿಚಿತ್ರ ಅಂದರೆ ಅವಳ ಮೊಬೈಲಿಗೆ ಅದೇ ವೈಫೈ ಚೆನ್ನಾಗೇ ಬರುತ್ತಿತ್ತು. ಡಬ್ಬಿ ಮಾತ್ರ ಬಿಟ್ಟುಹೋಗುತ್ತಿತ್ತು. ಯಾರೋ ಕೈ ಹಿಡಿದು ಕರೆದುಕೊಂಡು ಹೋದ ಹಾಗೆ, ಅಂದಳು ಕಾವೇರಿ. ಮೇಣದಬತ್ತಿ ಕಡೆ ನೋಡ್ತಾ ಅಂದಳು.

ಒಂದು ದಿನ ತಾಯಿಗೆ ಊಟ ಬಡಿಸುವಾಗ ಕೇಳಿದಳು.

"ಅವ್ವಾ, ಸಂಜಿ ಸೂಜಿ ಹೆಂಗ ತಪ್ಪದೆ ಹಾಕ್ಕೊಳ್ಲತ್ತಿ? ಅದು ನೆನಪು ಮಾಡಂಗಿಲ್ಲಲ್ಲ."

"ಆಕಿ ನೆನಪು ಮಾಡ್ತಾಳ."

"ಯಾರು?"

"ತಂಗಿ. ಹಗಲೊತ್ತು ಪುಸ್ತಕದ ಮಾತು ಆಡ್ತಾಳ, ನನಗ ಅರ್ಧ ತಿಳಿಯಂಗಿಲ್ಲ. ಸಂಜಿ ಆತಂದ್ರ ನಮ್ಮ ಮಾತೇ ಆಡ್ತಾಳ." ಅಮೃತಮ್ಮ ರೊಟ್ಟಿ ಮುರಿದಳು. "ಉಂಡಿ ಏನವ್ವಾ ಅಂತ ಕೇಳ್ತಾಳ. ಕಾಲು ನೋಯ್ತಾವೇನು ಅಂತಾಳ. ಪಾಪ, ಭಾಳ ಕಕ್ಕುಲಾತಿ ಹುಡುಗಿ."

ಕಾವೇರಿ ಬಡಿಸೋದು ಬಿಟ್ಟು ಡಬ್ಬಿ ಕಡೆ ನೋಡಿದಳು. ಆ ಡಬ್ಬಿ ಕೇಳಿದ್ದಕ್ಕೆ ಉತ್ತರ ಕೊಡುತ್ತೆ. ತಾನಾಗಿ ಯಾರನ್ನೂ ಏನೂ ಕೇಳೋದಿಲ್ಲ. ತಾಯಿಗೆ ಒಂಟಿತನದಿಂದ ಏನೇನೋ ಕೇಳಿಸುತ್ತಿದೆ, ತಲೆಗೇ ಏನೋ ಆಗುತ್ತಿದೆ ಅನ್ನೋ ಹೆದರಿಕೆ ಅವಳಿಗೆ. ವಾರದ ರಜೆಯ ದಿನ ಸಂಜೆ ಲೈಟು ಹಾಕದೆ, ಸದ್ದು ಮಾಡದೆ, ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ತಾಯಿಗೆ ಅಂಗಡಿಗೆ ಹೋಗ್ತೀನಿ ಅಂತ ಹೇಳಿದ್ದಳು.

ಕತ್ತಲಾಯಿತು. ದೀಪ ಕಿತ್ತಳೆಗೆ ತಿರುಗಿತು. ಎಲ್ಲೋ ಕುಕ್ಕರ್ ಕೂಗಿತು... ಕೆಳಗೆ ಯಾರೋ ಬೈಕ್ ನಿಲ್ಲಿಸಿದರು...

ಟುಣ್.

ಯಾರೂ ಕರೆದಿರಲಿಲ್ಲ. ಮೊದಲು ಬರೀ ಸುಯ್ ಅನ್ನೋ ಸದ್ದು, ಗಾಳಿಯಲ್ಲಿ ನಿಂತು ಫೋನ್ ಮಾಡಿದರೆ ಬರುತ್ತಲ್ಲ, ಅದು. ಆಮೇಲೆ ದನಿ. ಡಬ್ಬಿಯದೇ ದನಿ, ಆದರೆ ಉಸಿರು ಇತ್ತು.

"ಹಲೋ... ಅವ್ವಾ... ಕೇಳಸ್ತದೇನು?"

"ಕೇಳಸ್ತದ, ಹೇಳವ್ವ," ಅಂದಳು ಅಮೃತಮ್ಮ.

"ಸೂಜಿ ಹಾಕ್ಕೊಂಡೀ?"

"ಈಗ ಹಾಕ್ಕೋತೀನಿ."

ಕಾವೇರಿ ಕೈ ಬಾಯಿಗೆ ಅಡ್ಡ ಹಿಡಿದು, ಮೊಣಕಾಲ ಮೇಲೆ ತೆವಳಿಕೊಂಡು ಹೋಗಿ ರೂಟರಿನ ಪ್ಲಗ್ ಕಿತ್ತಳು. ರೂಟರಿನ ಹಸಿರು ದೀಪಗಳು ಒಂದೊಂದಾಗಿ ಆರಿದವು. ಈಗ ಮನೆಯಲ್ಲಿ ನೆಟ್ ಅನ್ನೋದೇ ಇಲ್ಲ.

"ಇವತ್ತು ಗಾಳಿ ಭಾಳ ಅದ ಅವ್ವಾ," ಅಂದಿತು ಡಬ್ಬಿ. "ನಿನ್ನ ದನಿ ದೂರ ಕೇಳಸ್ಲತ್ತದ."

ಹೊರಗೆ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ.

ಮಾರನೇ ದಿನ ಅವಳು ಸಲ್ಮಾನ್‌ಗೆ ಫೋನ್ ಮಾಡಿದಳು. ಸಲ್ಮಾನ್ ಅವಳ ಕಂಪನಿಯಲ್ಲೇ ಮನೆಮನೆಗೆ ಹೋಗಿ ಲೈನ್ ನೋಡೋನು, ಶಿವಾಜಿನಗರದವನು. ಅವನಿಗೆ ದನಿ ವಿಷಯ ಹೇಳಲಿಲ್ಲ. ಡಬ್ಬಿಗೆ ಸಂಜೆ ಸಿಗ್ನಲ್ ನಿಲ್ಲಲ್ಲ, ಒಂದು ಸಲ ಬಂದು ನೋಡು ಅಂದಳು, ಅಷ್ಟೇ.

ಅವನು ಸಂಜೆ ಬಂದ. ಹೊಸ ರೂಟರ್ ಹಾಕಿ ನೋಡಿದ, ವೈರು ಬದಲಿಸಿ ನೋಡಿದ. ಕತ್ತಲಾಗುತ್ತಿದ್ದ ಹಾಗೆ ದೀಪ ಕಿತ್ತಳೆಯಾಯಿತು. ಸಲ್ಮಾನ್ ತನ್ನ ಫೋನಿನಲ್ಲಿ ಸುತ್ತಮುತ್ತಲ ಸಿಗ್ನಲ್ ತೋರಿಸೋ ಆ್ಯಪ್ ತೆಗೆದ.

"ಮೇಡಂ, ನಿಮ್ದು ಫುಲ್ ಇದೆ. ಆದ್ರೆ ನಿಮ್ಮ ಡಬ್ಬಿ ನಿಮ್ಮದಕ್ಕೆ ಸೇರ್ಕೊಂಡೇ ಇಲ್ಲ. ಬೇರೆ ಯಾವ್ದಕ್ಕೋ ಹೋಗಿದೆ. ಅದಕ್ಕೆ ಹೆಸರೇ ಇಲ್ಲ, ನೋಡಿ."

"ಪಕ್ಕದ ರೂಮಿಂದಾ?"

"ನೋಡೋಣ."

ಸಿಗ್ನಲ್ ಎಲ್ಲಿ ಜಾಸ್ತಿ ಇದೆಯೋ ಅತ್ತ ಹೋದರೆ ರೂಟರ್ ಸಿಗುತ್ತೆ. ಅವರು ಮಾಡೋದೇ ಹಾಗೆ. ಪಕ್ಕದ ಬಾಗಿಲ ಮುಂದೆ ಕಮ್ಮಿಯಾಯಿತು. ಮೇಲಿನ ಮಹಡಿಗೆ ಹತ್ತಿದರೆ ಇನ್ನೂ ಕಮ್ಮಿ. ಕೆಳಗೆ ಇಳಿದರು. ಮೊದಲ ಮಹಡಿಯಲ್ಲಿ ಏರಿತು. ನೆಲಮಹಡಿಯಲ್ಲಿ ಇನ್ನೂ ಏರಿತು. ಸಲ್ಮಾನ್ ಫೋನ್ ಮುಂದೆ ಚಾಚಿಕೊಂಡು ನಡೆದ, ಕಾವೇರಿ ಹಿಂದೆ. ಬಾವಿಕಟ್ಟೆಯ ಹತ್ತಿರ ಸಿಗ್ನಲ್ ಗೀಟುಗಳೆಲ್ಲ ತುಂಬಿಕೊಂಡವು.

ಅವನು ಜಾಲರಿಯೊಳಗೆ ಟಾರ್ಚ್ ಬಿಟ್ಟ. ಒಣ ಕಲ್ಲು, ಪ್ಲಾಸ್ಟಿಕ್ ಕವರು, ಯಾರದೋ ಬಿದ್ದ ಟವಲ್ಲು. ವೈರಿಲ್ಲ, ಯಂತ್ರ ಇಲ್ಲ. ಅವನು ಮಂಡಿಯೂರಿ ಫೋನನ್ನ ಜಾಲರಿಗೆ ಹತ್ತಿರ ಇಳಿಸಿದ. ಆಗ ಒಳಗಿಂದ ಒಂದು ಸದ್ದು ಬಂತು.

ತೊಟ್... ಅಂತ. ನೀರಿನ ಮೇಲೆ ನೀರು ಬಿದ್ದ ಸದ್ದು.

ಸಲ್ಮಾನ್ ಎದ್ದುನಿಂತ. ಪ್ಯಾಂಟಿನ ಧೂಳು ಕೊಡವಿಕೊಂಡ. ಕಾವೇರಿಯ ಮುಖ ನೋಡಲಿಲ್ಲ.

"ಹಗಲು ಬರ್ತೀನಿ ಮೇಡಂ," ಅಂದ, ಬಹಳ ಮೆಲ್ಲಗೆ. "ಅಮ್ಮೀನ ಒಬ್ಬರನ್ನೇ ಬಿಡಬೇಡಿ."

ಅವನು ಹಗಲೂ ಬರಲಿಲ್ಲ.

ಅವತ್ತು ಅವನು ಹೊರಟ ಕೂಡಲೇ ಕಾವೇರಿ ನೇರವಾಗಿ ಹೋಗಿ ಪಿಳ್ಳಪ್ಪನವರ ಬಾಗಿಲು ತಟ್ಟಿದಳು. ಅವರದು ನೆಲಮಹಡಿ. ವಯಸ್ಸಾದ ಮನುಷ್ಯ, ಹೆಗಲ ಮೇಲೆ ಯಾವಾಗಲೂ ಒಂದು ಟವಲ್. ಬಾವಿಯಲ್ಲಿ ಏನಿದೆ ಅಂತ ಅವಳು ಕೇಳಿದ ತಕ್ಷಣ ಅವರು ಹಿಂದೆ ತಿರುಗಿ, ಒಳಗೆ ಹೆಂಡತಿಗೆ ಕೇಳಿಸಿತಾ ಅಂತ ನೋಡಿ, ಬಾಗಿಲು ಎಳೆದುಕೊಂಡು ಹೊರಗೆ ಬಂದರು.

"ಯಾಕಮ್ಮಾ?"

"ಸುಮ್ನೆ ಹೇಳಿ ಅಂಕಲ್."

ಅವರು ಬಾವಿ ಕಡೆ ನೋಡದೆ ಮಾತಾಡಿದರು. "ಈ ಬಿಲ್ಡಿಂಗ್ ಕಟ್ಟೋವಾಗ ನಿಮ್ಮ ಕಡೆಯೋರೇ ಗಾರೆ ಕೆಲಸಕ್ಕಿದ್ರು. ಶೀಟ್ ಹಾಕಿ ಶೆಡ್ ಮಾಡ್ಕೊಟ್ಟಿದ್ದೆ. ಅದರಲ್ಲಿ ಒಬ್ಬಳು ಹುಡುಗಿ ಇದ್ಲು. ಸಾಬವ್ವ ಅಂತ. ಆಗ ಇಲ್ಲಿ ಫೋನ್ ಹಿಡೀತಿರ್ಲಿಲ್ಲ. ಬಾವಿಕಟ್ಟೆ ಮೇಲೆ ಹತ್ತಿ ನಿಂತ್ರೆ ಮಾತ್ರ ಸ್ವಲ್ಪ ಸಿಗೋದು. ದಿನಾ ಕೆಲಸ ಮುಗಿದ್ಮೇಲೆ ಕಟ್ಟೆ ಹತ್ತಿ ಅವರಮ್ಮನಿಗೆ ಫೋನ್ ಮಾಡೋಳು. ಕೇಳಸ್ತದೇನವ್ವಾ, ಕೇಳಸ್ತದೇನವ್ವಾ ಅಂತ ಕಿರುಚೋಳು. ನಾವು ನಗ್ತಿದ್ವಿ."

ಅವರು ಟವಲ್ಲಿನಿಂದ ಬಾಯಿ ಒರೆಸಿಕೊಂಡರು.

"ಆಗ ನೀರಿತ್ತು. ಜಾಲರಿ ಇರ್ಲಿಲ್ಲ. ಆಮೇಲೆ ಹಾಕಿಸ್ದೆ." ಒಂದು ಹೆಜ್ಜೆ ಒಳಗೆ ಹೋಗಿ ಮತ್ತೆ ತಿರುಗಿದರು. "ಅಮ್ಮಾ... ಏನಾದ್ರೂ ಕೇಳಿಸ್ತಾ?"

ಕಾವೇರಿ ಇಲ್ಲ ಅಂದಳು.

ಆ ರಾತ್ರಿಯೇ ಅವಳು ಡಬ್ಬಿ ಕಿತ್ತು ಬೀರುವಿನಲ್ಲಿಟ್ಟಳು. ಮನೆ ಬಿಟ್ಟುಬಿಡೋಣ, ಬೇರೆ ನೋಡ್ತೀನಿ ಅಂದಳು. ಸಾಬವ್ವನ ವಿಷಯ ತಾಯಿಗೆ ಪೂರ್ತಿ ಹೇಳಲಿಲ್ಲ, ಆದರೆ ಅದು ಡಬ್ಬಿಯ ದನಿಯಲ್ಲ ಅಂತ ಹೇಳಿದಳು. ಅಮೃತಮ್ಮ ಹೆದರಲಿಲ್ಲ.

"ಡಬ್ಬಿ ಅಲ್ಲಂತ ನನಗ ಗೊತ್ತಿತ್ತವ್ವ," ಅಂದಳು. "ಡಬ್ಬಿ ಯಾಕ ಅಳ್ತದ?"

ಬೇರೆ ಮನೆ ಅಂದ ಕೂಡಲೇ ಸಿಗುತ್ತಾ? ರಜೆ ಹಾಕಿ ಎರಡು ದಿನ ತಾಯಿ ಜೊತೆಗೇ ಇದ್ದಳು. ಸಂಜೆ ಏನೂ ಆಗಲಿಲ್ಲ. ಮೂರನೇ ದಿನ ಆಫೀಸಿನಿಂದ ಕರೆ ಬಂತು, ಹೋಗದೆ ವಿಧಿ ಇರಲಿಲ್ಲ. ಎದುರು ರೂಮಿನವರಿಗೆ ಸೂಜಿ ಹೊತ್ತಿಗೆ ನೆನಪು ಮಾಡಿ ಅಂತ ಹೇಳಿ ಹೋದಳು. ಬೀರುವಿಗೆ ಬೀಗ ಹಾಕಲಿಲ್ಲ. ಕಣ್ಣಿಲ್ಲದೋಳು ಬೀರು ತೆಗೀತಾಳೆ ಅಂತ ಯಾರಿಗೆ ಹೊಳೆಯುತ್ತೆ.

ರಾತ್ರಿ ಕ್ಯಾಬು ಗೇಟಿನ ಹತ್ತಿರ ಬಿಟ್ಟಿತು. ಗೇಟು ತೆಗೆದಿತ್ತು. ಸಂದಿಯಲ್ಲಿ ಒಂದು ನಾಯಿ ಮಲಗಿತ್ತು, ತಲೆ ಎತ್ತಿ ನೋಡಿ, ಬೊಗಳದೆ, ಎದ್ದು ಇವಳು ಬಂದ ಕಡೆಗೇ ಹೋಯಿತು. ಕಟ್ಟಡದ ಮುಂದಿನ ಲೈಟು ಆರಿತ್ತು. ದೂರದಿಂದಲೇ ಬಾವಿ ಹತ್ತಿರ ನೀಲಿ ಬೆಳಕು ಕಂಡಿತು. ಆಮೇಲೆ ಸದ್ದು ಕೇಳಿತು.

ಟಿಕ್... ಟಿಕ್... ಟಿಕ್...

ಅಮೃತಮ್ಮ ಬಾವಿಕಟ್ಟೆಯ ಮೇಲೆ ನಿಂತಿದ್ದಳು. ಬರಿಗಾಲು. ಎರಡೂ ಕೈಯಲ್ಲಿ ಡಬ್ಬಿ, ಎದೆಗೆ ಒತ್ತಿ ಹಿಡಿದಿದ್ದಾಳೆ. ಅದರ ವೈರು ನೇತಾಡುತ್ತಾ, ತುದಿಯ ಪ್ಲಗ್ಗು ಕಲ್ಲಿಗೆ ತಾಗುತ್ತಾ... ಟಿಕ್... ಟಿಕ್. ಎಲ್ಲಿಯೂ ಸಿಕ್ಕಿಸಿಲ್ಲ. ದೀಪ ಉರಿಯುತ್ತಿದೆ. ಜಾಲರಿ ಪಕ್ಕಕ್ಕೆ ಸರಿದಿದೆ. ಅದನ್ನ ಎತ್ತಬೇಕಾದರೆ ಇಬ್ಬರು ಗಂಡಸರು ಬೇಕು. ಅಮೃತಮ್ಮನ ಕಾಲ್ಬೆರಳುಗಳು ಕಲ್ಲಿನ ಅಂಚಿನಿಂದ ಆಚೆ ಇದ್ದವು.

ಕಾವೇರಿಗೆ ಕೂಗೋಕೆ ಧೈರ್ಯ ಬರಲಿಲ್ಲ. ಕೂಗಿದರೆ ತಾಯಿ ತಿರುಗುತ್ತಾಳೆ. ತಿರುಗಿದರೆ ಕಾಲು ಜಾರುತ್ತೆ. ಚಪ್ಪಲಿ ಅಲ್ಲೇ ಬಿಟ್ಟಳು. ಮೆಲ್ಲಗೆ, ಪಕ್ಕದಲ್ಲೇ ಮಲಗಿದಾಗ ಮಾತಾಡೋ ಹಾಗೆ, ಅಂದಳು.

"ಅವ್ವಾ. ಅಲ್ಲೇ ನಿಂದ್ರು."

"ಕಾವೇರೀ? ನೀ ಕೆಳಗ ಅದಿಯಲ್ಲ... ಈಗ ಕರದಿಯಲ್ಲ. ಇಲ್ಲಿ ಛಂದ ಕೇಳಸ್ತದ, ಬಾ ಅಂದಿ."

"ಹ್ಞೂಂ. ನಾನೇ. ಅಲ್ಲಾಡಬ್ಯಾಡ."

ಮೂರು ಹೆಜ್ಜೆಯೋ ನಾಲ್ಕೋ, ಅವಳಿಗೆ ನೆನಪಿಲ್ಲ. ಎರಡೂ ತೋಳಿನಿಂದ ತಾಯಿಯ ಸೊಂಟ ಬಳಸಿ ಹಿಂದಕ್ಕೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಕಾವೇರಿಯ ಮೊಣಕೈ ಕಲ್ಲಿಗೆ ಬಡಿದು ತರಚಿತು. ಡಬ್ಬಿ ತಾಯಿಯ ಮಡಿಲಲ್ಲೇ ಇತ್ತು. ನೀಲಿ ಬೆಳಕು.

"ಹಲೋ..." ಅಂದಿತು ಅದು. "ಅವ್ವಾ... ಕೇಳಸ್ತದೇನು... ಹಲೋ..."

ಕಾವೇರಿ ಅದನ್ನ ಕಿತ್ತುಕೊಂಡು ಬಾವಿಗೆ ಎಸೆಯೋಕೆ ಕೈ ಎತ್ತಿದಳು. ಹೆದರಿಕೆಗಿಂತ ಸಿಟ್ಟೇ ಜಾಸ್ತಿ ಇತ್ತು. ಅಮೃತಮ್ಮ ತಡಕಾಡಿ ಅವಳ ಮಣಿಕಟ್ಟು ಹಿಡಿದಳು.

"ಬ್ಯಾಡ."

"ನಿನ್ನ ಕೊಲ್ತಿತ್ತವ್ವಾ ಇದು."

"ಆಕಿಗಿ ನಾ ಯಾರಂತ ಎಲ್ಲಿ ಗೊತ್ತದ? ಅವ್ವ ಅಂತ ಕರದಾಳ, ನಾ ಹ್ಞೂಂ ಅಂದೀನಿ. ತಪ್ಪು ನಂದೇ." ಅಮೃತಮ್ಮನ ಹಿಡಿತ ಬಿಗಿಯಾಯಿತು. "ಯಾರದೋ ಮಗಳು ಅದ, ಕಾವೇರಿ. ಕತ್ತಲಾಗ ಒಬ್ಬಾಕಿನೇ ಅದ."

ಕಾವೇರಿ ಕೈ ಇಳಿಸಿದಳು. ಆ ಕ್ಷಣಕ್ಕೆ ತನಗೆ ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ ಅಂತಾಳೆ. ಸಹಾಯವಾಣಿಯಲ್ಲಿ ದಿನಕ್ಕೆ ಎಷ್ಟೋ ಜನಕ್ಕೆ ಕೇಳೋ ಥರದ ಮಾತು ಅದು. ಡಬ್ಬಿಯನ್ನ ಬಾವಿಕಟ್ಟೆಯ ಮೇಲೆ ಇಟ್ಟು, ಬಗ್ಗಿ, ಆಫೀಸಿನಲ್ಲಿ ಮಾತಾಡೋ ಅಷ್ಟೇ ಮೆತ್ತಗೆ, ತನ್ನ ಊರಿನ ಮಾತಲ್ಲಿ ಕೇಳಿದಳು.

"ಯಾರ ಜೋಡಿ ಮಾತಾಡ್ಬೇಕವ್ವ ನಿನಗ? ನಂಬರ್ ಹೇಳು. ನಾ ಹಚ್ಚಿಕೊಡ್ತೀನಿ."

ಸುಯ್ ಅನ್ನೋ ಸದ್ದು ನಿಂತಿತು. ಬಾವಿಯೊಳಗೆ ತೊಟ್... ಅಂತು. ಮತ್ತೆ ತೊಟ್... ಅಂತು.

"ಒಂಬತ್ತು..." ಅಂದಿತು ದನಿ.

ಕಾವೇರಿ ಮೊಬೈಲ್ ತೆಗೆದಳು. ಒಂದೊಂದೇ ಅಂಕಿ ಬಂತು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಷ್ಟು ಹೊತ್ತು... ಮರೆತದ್ದನ್ನ ನೆನಪು ಮಾಡಿಕೊಳ್ಳೋರ ಹಾಗೆ. ಕೊನೆಯ ಅಂಕಿ ಒತ್ತಿದಾಗ ಅವಳ ಹೆಬ್ಬೆರಳು ಬೆವರಿಗೆ ಜಾರಿತು. ರಿಂಗ್ ಆಯಿತು. ಆಗುತ್ತಲೇ ಇತ್ತು. ಇನ್ನೇನು ಕಟ್ಟಾಗುತ್ತೆ ಅನ್ನೋವಾಗ ಯಾರೋ ಎತ್ತಿದರು. ಮುದುಕಿಯ ದನಿ, ನಿದ್ದೆಯಿಂದ ಎದ್ದದ್ದು.

"ಯಾರು?"

ಕಾವೇರಿ ಸ್ಪೀಕರ್ ಒತ್ತಿ, ಮೊಬೈಲನ್ನ ಡಬ್ಬಿಯ ಪಕ್ಕ ಕಲ್ಲಿನ ಮೇಲೆ ಇಟ್ಟಳು.

"ಅವ್ವಾ," ಅಂದಿತು ಡಬ್ಬಿ. "ಕೇಳಸ್ತದೇನು?"

ಆ ಕಡೆ ಉಸಿರು ಮಾತ್ರ. ಉದ್ದನೆಯ ಉಸಿರು.

"ಕೇಳಸ್ತದ, ಮಗಳ," ಅಂದಳು ಮುದುಕಿ. "ಹೇಳು."

ಕಾವೇರಿ ತಾಯಿಯನ್ನ ಎಬ್ಬಿಸಿ, ದೂರ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರಿಸಿದಳು. ಪಕ್ಕದಲ್ಲಿ ತಾನೂ ಕೂತಳು. ಅವರ ಮಾತು ಕೇಳಬಾರದು ಅನಿಸಿತಂತೆ. ಆದರೂ ಅಲ್ಲೊಂದು ಇಲ್ಲೊಂದು ಕಿವಿಗೆ ಬಿತ್ತು. ಉಂಡೀ ಅನ್ನೋದು. ಚಳಿ ಅದ ಅನ್ನೋದು. ಒಮ್ಮೆ ಇಬ್ಬರೂ ಒಟ್ಟಿಗೆ ನಕ್ಕರು. ಆಮೇಲೆ ಬಹಳ ಹೊತ್ತು ಮುದುಕಿ ಒಬ್ಬಳೇ, ಮಲಗೋ ಮಗುವಿಗೆ ಹೇಳೋ ಥರ, ತಗ್ಗಿದ ದನಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಅಮೃತಮ್ಮ ಮಗಳ ಭುಜಕ್ಕೆ ತಲೆ ಒರಗಿಸಿ ಅಳುತ್ತಿದ್ದಳು, ಸದ್ದಿಲ್ಲದೆ.

ಒಂದು ರೈಲು ಕೂಗಿತು. ಅದು ಹಾದುಹೋಗೋ ತನಕ ಏನೂ ಕೇಳಿಸಲಿಲ್ಲ. ಹೋದ ಮೇಲೂ ಏನೂ ಕೇಳಿಸಲಿಲ್ಲ. ನೀಲಿ ದೀಪ ಆರಿತ್ತು.

ಕಾವೇರಿ ಹೋಗಿ ಡಬ್ಬಿ ಮುಟ್ಟಿದಳು. ತಣ್ಣಗಿತ್ತು, ಅಷ್ಟೇ. ಬಾವಿಯೊಳಗೆ ಟಾರ್ಚ್ ಬಿಟ್ಟು ನೋಡೋ ಧೈರ್ಯ ಮಾಡಲಿಲ್ಲ. ಬೆಳಗ್ಗೆ ಪಿಳ್ಳಪ್ಪನವರು ಬಂದು, ಸರಿದ ಜಾಲರಿ ನೋಡಿ, ಯಾರನ್ನೂ ಏನೂ ಕೇಳದೆ, ಆಳುಗಳನ್ನ ಕರೆಸಿ ಮುಚ್ಚಿಸಿದರು.

ಅವತ್ತಿನಿಂದ ಸಂಜೆ ನೆಟ್ ಹೋಗಲಿಲ್ಲ. ದೀಪ ಕಿತ್ತಳೆಗೆ ತಿರುಗಲಿಲ್ಲ. ಡಬ್ಬಿ ಹೊತ್ತಿಗೆ ಸರಿಯಾಗಿ, ಪುಸ್ತಕದ ಕನ್ನಡದಲ್ಲಿ, ನಿಮ್ಮ ಇನ್ಸುಲಿನ್ ಸಮಯವಾಗಿದೆ ಅನ್ನುತ್ತೆ. ಅಮೃತಮ್ಮ ಹ್ಞೂಂ ಅಂತಾಳೆ. ಮುಂಚಿನ ಹಾಗೆ ಅದರ ಜೊತೆ ಮಾತಿಗೆ ಕೂರೋದಿಲ್ಲ. ಒಂದೆರಡು ತಿಂಗಳಲ್ಲಿ ನೆಲಮಹಡಿಯ ಮನೆ ಸಿಕ್ಕಿತು ಅಂತ ನಮ್ಮ ಪಕ್ಕಕ್ಕೆ ಬಂದರು. ನಾನು ಅವರನ್ನ ನೋಡಿದ್ದು ಆಗಲೇ.

ಇಷ್ಟಾದರೆ ಏನೋ ಕನಸು, ಹೆದರಿಕೆ, ಅಂತ ನಾನೂ ಬಿಟ್ಟುಬಿಡುತ್ತಿದ್ದೆ. ಆದರೆ ನಂಬರು ಕಾವೇರಿಯ ಮೊಬೈಲಿನಲ್ಲಿ ಉಳಿದಿತ್ತಲ್ಲ. ಕೆಲವು ದಿನ ಬಿಟ್ಟು, ಹಗಲು, ಆಫೀಸಿನ ಕ್ಯಾಂಟೀನಿನಲ್ಲಿ ನಿಂತು ಅದಕ್ಕೆ ಫೋನ್ ಮಾಡಿದಳು. ಗಂಡಸೊಬ್ಬ ಎತ್ತಿದ. ಶಿವಪುತ್ರ ಅಂತ, ಸಾಬವ್ವನ ಅಣ್ಣ. ಹೌದು, ತಂಗಿ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋದಾಗ ಬಾವಿಗೆ ಬಿದ್ದು ತೀರಿಕೊಂಡಳು ಅಂದ. ಈ ನಂಬರು ತಾಯಿಯದು, ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗ್ತಾಳೆ, ಮಗಳು ಫೋನ್ ಮಾಡ್ತಾಳೆ ಅಂತ ಬಂದ್ ಮಾಡೋಕೆ ಬಿಡಲ್ಲ ಅಂದ. ಕಾವೇರಿ ಆ ರಾತ್ರಿಯ ವಿಷಯ ಹೇಳೋದೋ ಬೇಡವೋ ಅಂತ ತಡವರಿಸಿ, ನಿಮ್ಮ ಅವ್ವ ಮೊನ್ನೆ ರಾತ್ರಿ ಫೋನ್‌ನಲ್ಲಿ ಮಾತಾಡಿದರಲ್ಲ, ಚೆನ್ನಾಗಿದ್ದಾರಾ ಅಂತ ಮಾತ್ರ ಕೇಳಿದಳು.

ಅದಕ್ಕೆ ಅವನು ಹೇಳಿದ ಮಾತನ್ನ ಕಾವೇರಿ ನನಗೆ ಅವನ ಬಾಯಲ್ಲಿ ಬಂದ ಹಾಗೇ ಹೇಳಿದಳು. ನಾನೂ ಹಾಗೇ ಹೇಳ್ತಿದ್ದೀನಿ. ಇದು ನಡೆದದ್ದು. ಕಾವೇರಿ ಇದ್ದಾಳೆ, ಅಮೃತಮ್ಮ ಇದ್ದಾಳೆ. ಇದರಲ್ಲಿ ನಾನು ಹುಟ್ಟಿಸಿ ಹೇಳಿದ್ದು ಒಂದಕ್ಷರ ಇಲ್ಲ.

"ನೀವು ಬ್ಯಾರೆ ಯಾರ ಜೋಡಿನೋ ಮಾತಾಡೀರಿ ಅಕ್ಕಾ," ಅಂದನಂತೆ. "ಸಾಬವ್ವ ತೀರಿಕೊಂಡಾಗಿಂದ ನಮ್ಮ ಅವ್ವಗ ಎರಡೂ ಕಿವಿ ಕೇಳಂಗಿಲ್ರಿ. ಬಾಜೂಕ ಗುಡುಗು ಹೊಡದ್ರೂ ಕೇಳಂಗಿಲ್ಲ."